ಎನಿಡ್ ಮಡಚಿದ ಪ್ಯಾರಾಚೂಟ್

"ಇದು ಬಿಚ್ಚಿಕೊಳ್ಳದಿದ್ರೆ ಏನ್ಮಾಡ್ಲಿ, ಮಿಸ್?"

ಯುದ್ಧಕಾಲದಲ್ಲಿ ಲಿಂಕನ್‌ಶೈರಿನ ಒಂದು ವಾಯುನೆಲೆಯಲ್ಲಿ ಪ್ಯಾರಾಚೂಟ್ ಮಡಚುವ ಎನಿಡ್‌ಳಿಗೆ ದಿನಕ್ಕೆ ಹತ್ತು ಸಲ ಬೀಳುವ ಪ್ರಶ್ನೆಯದು. ಉತ್ತರವೂ ಹಳೆಯದೇ.

"ವಾಪಸ್ ತನ್ನಿ, ಬೇರೆ ಕೊಡ್ತೀವಿ!"

ಪ್ಯಾರಾಚೂಟ್ ಪಡೆಯಲು ಬಂದ ಸೈನಿಕರೆಲ್ಲ ನಗುತ್ತಿದ್ದರು. ಬಾಂಬರ್ ವಿಮಾನದ ಬಾಲದಲ್ಲಿ ಕೂರುವ ಬಂದೂಕುಗಾರ ಸಿರಿಲ್ ಮಾತ್ರ ನಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ನಂಗೆ ಪ್ರತಿ ಸಲ ನೀವು ಮಡಚಿದ್ದೇ ಬೇಕು."

ಎನಿಡ್ ತಾನೇ ಮಡಚಿದ್ದನ್ನು ಹುಡುಕಿ ಅವನ ಕೈಗಿತ್ತಳು.

ತಿಂಗಳೊಪ್ಪತ್ತು ಹಾಗೇ ನಡೆಯಿತು. ಹೊರಡುವಾಗ ಒಂದು ನೋಟ, ಮರಳಿದಾಗ ಒಂದು ನಗು...

ಮಾರ್ಚ್‌ನಲ್ಲಿ ಸಿರಿಲ್‌ನ ವಿಮಾನ ಮರಳಲಿಲ್ಲ.

ಪಕ್ಕದ ವಿಮಾನದವರು ಕಂಡದ್ದು ಹೇಳಿದರು. "ಉರೀತಿದ್ದ ವಿಮಾನದಿಂದ ಏಳೂ ಜನ ಹಾರಿದ್ರು. ಆರು ಪ್ಯಾರಾಚೂಟ್ ಬಿಚ್ಚಿದ್ವು. ಬಾಲದವನದು ಮಾತ್ರ..."

ಎನಿಡ್ ತನ್ನ ಬೆರಳುಗಳನ್ನೇ ನೋಡಿಕೊಂಡಳು. ನನ್ನ ಕೈಯೇ ಅವನನ್ನು ಕೊಂದಿತೇ?

ಕೆಲವೇ ವಾರಗಳಲ್ಲಿ ಹ್ಯಾಲಿಫ್ಯಾಕ್ಸ್ ಊರಿನಿಂದ ಅವನ ತಾಯಿಯ ಕಾಗದ ಬಂತು. ಒಳಗೆ ಶಾಪವಲ್ಲದೆ ಇನ್ನೇನಿದ್ದೀತು? ಎನಿಡ್ ಅದನ್ನು ಒಡೆಯದೆ ಪೆಟ್ಟಿಗೆಯ ತಳಕ್ಕೆ ತಳ್ಳಿದಳು. ಎರಡನೆಯದನ್ನೂ... ಮೂರನೆಯದನ್ನೂ. ಮಡಚುವುದನ್ನು ಮಾತ್ರ ಬಿಡಲಿಲ್ಲ. ಒಂದೊಂದನ್ನೂ ಮೂರು ಸಲ ನೋಡದೆ ಯಾರ ಕೈಗೂ ಕೊಡಲಿಲ್ಲ.

ಮರುವರ್ಷ ಮೇ ತಿಂಗಳು. ಯುದ್ಧ ಮುಗಿದಿತ್ತು. ಒಂದು ಮಧ್ಯಾಹ್ನ ಯಾರೋ ಕೌಂಟರ್ ತಟ್ಟಿದರು.

"ದೂರು ಕೊಡೋಕೆ ಬಂದೆ, ಮಿಸ್."

ಗುಳಿಬಿದ್ದ ಕೆನ್ನೆ. ಗೂಟಕ್ಕೆ ನೇತುಹಾಕಿದಂಥ ಸಮವಸ್ತ್ರ. ಆದರೆ ಆ ಕಣ್ಣುಗಳು!

"ಸಿ... ಸಿರಿಲ್?"

"ನಿಮ್ಮ ಪ್ಯಾರಾಚೂಟ್ ಬಿಚ್ಚಿದ ರಭಸಕ್ಕೆ ಎಡಗಾಲಿನ ಬೂಟೇ ಹಾರಿಹೋಯ್ತು! ಒಂಟಿ ಬೂಟಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದೆ. ಮಾನ ಹೋಯ್ತಲ್ರೀ!"

"ಬಿಚ್ಚಿಕೊಳ್ತಾ? ಆದ್ರೆ ಅವ್ರು..."

"ಮೋಡದೊಳಗೆ ಹೋದ್ಮೇಲೆ ಎಳೆದೆ. ಅವ್ರಿಗೆ ಹೇಗೆ ಕಾಣುತ್ತೆ? ಅಮ್ಮ ಎಲ್ಲಾ ಬರೆದಿದ್ಲಲ್ಲ! ಸೆರೆಯಲ್ಲಿ ನಮಗೆ ಬರೆಯೋಕೆ ಸಿಗ್ತಿದ್ದದ್ದು ಬೆರಳೆಣಿಕೆ ಕಾಗದ, ಅದಕ್ಕೇ ಅವಳ ಕೈಲಿ ಬರೆಸಿದೆ. ಇಷ್ಟು ದಿನ ಉತ್ತರಕ್ಕೆ ಕಾದಿದೀನಿ ಎನಿಡ್... ಬೇಡ ಅಂತಾನಾದ್ರೂ ಹೇಳಬಹುದಿತ್ತು."

ಎನಿಡ್ ಓಡಿದಳು. ಮೂರೂ ಲಕೋಟೆ ತಂದು ಅವನ ಮುಂದಿಟ್ಟಳು. ಒಂದೂ ಒಡೆದಿರಲಿಲ್ಲ.

"ಬೈದಿರ್ತಾರೆ ಅಂತ..."

"ಅಯ್ಯೋ ಹುಚ್ಚಿ! ಒಡೆದು ನೋಡು."

ಒಂದೊಂದಾಗಿ ಒಡೆದಳು.

'ನನ್ನ ಮಗ ಸೆರೆಯಲ್ಲಿದ್ದಾನೆ, ಆದರೆ ಬದುಕಿದ್ದಾನೆ. ಉಳಿಸಿದ್ದು ನಿನ್ನ ಕೈ.'

'ಅವನಿಗೆ ನಿನ್ನನ್ನು ಮದುವೆಯಾಗಬೇಕಂತೆ. ಒಪ್ಪಿಗೆಯೇ?'

'ಮನಸ್ಸಿಲ್ಲದಿದ್ದರೆ ಬೇಡ ಮಗು. ಒಂದು ಸಲ ಚಹಾಕ್ಕಾದರೂ ಬಾ. ಆ ಕೈಗಳನ್ನು ನೋಡಬೇಕು.'

ಎನಿಡ್ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ನಕ್ಕಳು! ಗೆದ್ದಿತ್ತು... ಅವಳ ಕೈ ಗೆದ್ದಿತ್ತು!

ಸಿರಿಲ್ ಜೇಬಿನಿಂದ ಬಳೆಯಷ್ಟಗಲದ ಒಂದು ದುಂಡನೆ ಉಕ್ಕಿನ ಹಿಡಿ ತೆಗೆದ.

"ಅವತ್ತು ಪ್ಯಾರಾಚೂಟ್ ಬಿಚ್ಚೋಕೆ ಎಳೆದದ್ದು ಇದನ್ನೇ. ಶಿಬಿರದಲ್ಲಿ ಒಬ್ಬ ಇದಕ್ಕೆ ಅರ್ಧ ಬ್ರೆಡ್ ಕೊಡ್ತೀನಿ ಅಂದ. ಹಸಿವಲ್ಲಿ ಕಣ್ಣು ಕತ್ತಲೆ ಬರ್ತಿತ್ತು. ಆದ್ರೂ ಕೊಡ್ಲಿಲ್ಲ."

ಅವಳು ಅದರೊಳಗೆ ಉಂಗುರದ ಬೆರಳು ತೂರಿಸಿ ಎತ್ತಿ ಹಿಡಿದಳು.

"ಒಪ್ಪಿಗೆ. ಆದ್ರೆ ಇದು ಬೆರಳಿಗೆ ದೊಡ್ಡದಾಯ್ತಲ್ಲೋ!"

"ವಾಪಸ್ ಕೊಡು, ಬೇರೆ ತಂದ್ಕೊಡ್ತೀನಿ."

ಎನಿಡ್ ಮುಷ್ಟಿ ಬಿಗಿ ಮಾಡಿದಳು.

"ಕೊಡಲ್ಲ!"