ಗಂಗಮ್ಮನ ಪರವಾಗಿ ಸುಬ್ಬಿ

2025ರ ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40ಕ್ಕೆ ಪಾಲಿಬೆಟ್ಟದ ತೊರೆಕಾಡು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೀರ್ತಿಕುಮಾರ್ ದೂರು ಹಿಡಿದು ಠಾಣೆಗೆ ಬಂದ. ಕೈಯಲ್ಲಿ ಎರಡು ಕಾಗದವಿತ್ತು. ಭಾನುವಾರ ಗೋಡೌನಿನಿಂದ ಹನ್ನೊಂದು ಚೀಲ ಕಾಳುಮೆಣಸು ಕಳುವಾಗಿದೆ, ತಮ್ಮ ಪರವಾಗಿ ರೈಟರ್ ದೂರು ಕೊಡುತ್ತಾನೆ ಎಂದು ಮಾಲೀಕ ಬೆಳ್ಯಪ್ಪ ಮೊದಲನೆಯದರಲ್ಲಿ ಬರೆದಿದ್ದರು. ಎರಡನೆಯದು ತಪ್ಪೊಪ್ಪಿಗೆ. ಹೊರಗಿನವರಿಗೆ ಬಾಗಿಲು ತೆರೆದುಕೊಟ್ಟವಳು ಕಾಫಿ ಕೊಯ್ಲಿನ ಜೊತೆಗೆ ಗೋಡೌನನ್ನೂ ಗುಡಿಸುವ ಗಂಗಮ್ಮ ಎಂದಿತ್ತು. ಕೆಳಗೆ ಅವಳ ಹೆಬ್ಬೆಟ್ಟು.

ಇನ್ಸ್‌ಪೆಕ್ಟರ್ ತೇಜಸ್ವಿನಿ ಅದನ್ನು ಎರಡು ಸಲ ಓದಿದರು.

"ಇದನ್ನೆಲ್ಲ ಅವಳೇ ಹೇಳಿದಳಾ?"

"ಕೈಯಲ್ಲಿ ಹೇಳಿದ್ಲು ಮೇಡಂ. ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ, ಮಾತೂ ಇಲ್ಲ. ಅವಳ ಪರವಾಗಿ ಯಾವಾಗಲೂ ನಾನೇ ಮಾತಾಡೋದು."

"ಮಾಲೀಕರು ನಿಮ್ಮನ್ನ ನೇಮಿಸಿದ ಪತ್ರ ಇಲ್ಲಿದೆ. ಗಂಗಮ್ಮ ನೇಮಿಸಿದ್ದು ಎಲ್ಲಿ?"

ರೈಟರ್ ನಕ್ಕ. "ಅವಳಿಗೆ ಓದು ಬರಹ ಎಲ್ಲಿ ಬರುತ್ತೆ ಮೇಡಂ?"

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಸ್ಥಳದಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಎರಡೇ: ಒಂದು ರೈಟರ್ ಬಳಿ, ಇನ್ನೊಂದು ಗಂಗಮ್ಮನ ಸೆರಗಿನ ಗಂಟಿನಲ್ಲಿ. ಭಾನುವಾರ ಕೂಲಿಯವರ ಲೈನ್ ಮನೆಗಳವರೆಲ್ಲ ಸಂತೆಗೆ ಹೋಗಿದ್ದರು, ಕಾಲು ಉಳುಕಿದ್ದ ಗಂಗಮ್ಮ ಒಬ್ಬಳನ್ನು ಬಿಟ್ಟು. ಎಲ್ಲವೂ ಅವಳತ್ತಲೇ ಬೆರಳು ತೋರಿಸುತ್ತಿತ್ತು.

ಐವತ್ತೆರಡರ ಹೆಂಗಸು. ತನ್ನ ಲೈನ್ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಪೊಲೀಸರನ್ನು ಕಂಡದ್ದೇ ಕೈಗಳು ವೇಗವಾಗಿ ಆಡತೊಡಗಿದವು.

"ಕ್ಷಮೆ ಕೇಳ್ತಿದ್ದಾಳೆ," ಎಂದ ರೈಟರ್. "ನೀವು ಕರ್ಕೊಂಡು ಹೋದ್ರೆ ನಾಳೆಯೇ ಮನೆ ಖಾಲಿ ಮಾಡಿಸ್ಬೇಕು ಅಂತ ಮಾಲೀಕರು ಹೇಳಿದ್ದಾರೆ."

"ಇವತ್ತು ಕರ್ಕೊಂಡು ಹೋಗಲ್ಲ," ಎಂದರು ತೇಜಸ್ವಿನಿ.

ಮಂಗಳವಾರ ಗಂಗಮ್ಮನನ್ನೂ ರೈಟರನನ್ನೂ ಹೇಳಿಕೆಗೆಂದು ಠಾಣೆಗೆ ಕರೆಸಲಾಯಿತು. 10.30ಕ್ಕೆ ಮೈಸೂರಿನಿಂದ ಕಿವುಡ ಮಕ್ಕಳ ಶಿಕ್ಷಕ ಜಯಪ್ರಕಾಶ್ ಬಂದರು. ಅರ್ಧ ಗಂಟೆ ಪ್ರಯತ್ನಿಸಿ ಕೈ ಚೆಲ್ಲಿದರು. "ನಾವು ಕಲಿಸೋ ಸಂಜ್ಞೆ ಇವರಿಗೆ ಗೊತ್ತಿಲ್ಲ. ಆದರೆ ಇವರಿಗೆ ಭಾಷೆ ಇದೆ ಮೇಡಂ, ಪೂರ್ತಿ ಭಾಷೆ. ತೋಟದಲ್ಲೇ ಹುಟ್ಟಿದ್ದು. ಇವರ ಜೊತೆ ಕಾಫಿ ಕೊಯ್ಯೋವರು ಯಾರು?"

ಹೆಡ್ ಕಾನ್‌ಸ್ಟೇಬಲ್ ಉತ್ತಯ್ಯ ಜೀಪಿನಲ್ಲಿ ಹೋಗಿ ಸುಬ್ಬಿಯನ್ನು ಕರೆತಂದ. ಅವಳ ಮೊಣಕೈವರೆಗೆ ಕಾಫಿ ಕೊಯ್ದ ಕಪ್ಪು ಕಲೆ.

"ಇಪ್ಪತ್ತೆರಡು ವರ್ಷ ಅಮ್ಮ, ಅವಳು ನಾನು ಒಂದೇ ಸಾಲು," ಎಂದಳು ಸುಬ್ಬಿ. "ಇಡೀ ದಿನ ಹರಟೆ. ಮೇಸ್ತ್ರಿಗೆ ಗೊತ್ತೇ ಆಗಲ್ಲ, ಸದ್ದಿಲ್ಲಲ್ಲ!"

ಅವಳನ್ನು ಕಂಡ ಗಂಗಮ್ಮ ಸೆರಗು ಹಿಡಿದೆಳೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ನೇಮಕ ಮುಗಿಯಿತು.

"ಕೂಲಿಯವಳನ್ನ ದುಭಾಷಿ ಮಾಡ್ತೀರಾ ಮೇಡಂ?" ರೈಟರ್ ಧ್ವನಿ ಏರಿತು. "ಇಬ್ಬರೂ ಗೆಳತಿಯರು. ಬಾಯಿಗೆ ಬಂದದ್ದು ಹೇಳ್ತಾಳೆ."

"ನಿಜ. ಹಾಗಾದ್ರೆ ನಿಮಗೂ ಸುಬ್ಬಿಗೂ ಪರೀಕ್ಷೆ. ಇಬ್ಬರೂ ಹೊರಗಿರಿ."

11.50. ಬಾಗಿಲು ಮುಚ್ಚಿತು. ಒಳಗೆ ಗಂಗಮ್ಮ, ಜಯಪ್ರಕಾಶ್ ಮತ್ತು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ ಕಾನ್‌ಸ್ಟೇಬಲ್ ರಂಜಿತಾ. ತೇಜಸ್ವಿನಿ ಹೇಳಿದಂತೆ ಉತ್ತಯ್ಯ ಒಂದು ಬೂಟು ಕಳಚಿ ಕಿಟಕಿಯ ಮೇಲಿಟ್ಟ, ಅದರೊಳಗೆ ತನ್ನ ಸೀಟಿಯನ್ನು ಇಳಿಬಿಟ್ಟ, ಆಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿ ನಿಂತ.

ಮೊದಲು ರೈಟರ್. ಗಂಗಮ್ಮ ಆಗಷ್ಟೇ ಕಂಡದ್ದನ್ನು ಕೈಯಲ್ಲಿ ಹೇಳಿದಳು. ಅವನು ಹಣೆ ಒರೆಸಿಕೊಂಡ.

"ಅದೇ ಮೇಡಂ... ತಪ್ಪಾಯ್ತು, ಬಿಟ್ಟುಬಿಡಿ ಅಂತಿದ್ದಾಳೆ."

ರಂಜಿತಾಳ ಕೈಯ ಮೊಬೈಲ್ ಅಲುಗಿತು. ಅವಳು ನಗು ತಡೆಯುತ್ತಿದ್ದಳು.

ಆಮೇಲೆ ಸುಬ್ಬಿ. ಗಂಗಮ್ಮ ಮತ್ತೆ ಹೇಳಿದಳು. ಸುಬ್ಬಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನು?"

"ಈ ಹೊಟ್ಟೆ ಪೊಲೀಸಣ್ಣ ಒಂದು ಬೂಟು ಬಿಚ್ಚಿ ಕಿಟಕಿ ಮೇಲೆ ಇಟ್ರಂತೆ. ಅದ್ರೊಳಗೆ ಪೀಪಿ ಹಾಕಿದ್ರಂತೆ. ಮತ್ತೆ..."

"ಮತ್ತೆ?"

"ಕಾಲುಚೀಲದಲ್ಲಿ ತೂತಂತೆ. ಹೆಬ್ಬೆರಳು ಹೊರಗೆ ಇಣುಕ್ತಿತ್ತಂತೆ."

ಉತ್ತಯ್ಯ ಚಾವಣಿ ನೋಡಿದ. ಜಯಪ್ರಕಾಶ್ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

ಸುಬ್ಬಿಗೆ ಪ್ರಮಾಣ ಬೋಧಿಸಲಾಯಿತು. 12.20ಕ್ಕೆ ಹೇಳಿಕೆ ಆರಂಭ. ಗಂಗಮ್ಮ ಕಿವಿಯ ಮೇಲೆ ಪೆನ್ನು ಸಿಕ್ಕಿಸುವಂತೆ ಬೆರಳಿಟ್ಟಳು.

"ರೈಟರು," ಎಂದಳು ಸುಬ್ಬಿ. "ಭಾನುವಾರ ಮಧ್ಯಾಹ್ನ, ಬಿಸಿಲು ನೆತ್ತಿ ಮೇಲಿದ್ದಾಗ. ಎಸ್ಟೇಟ್ ಪಿಕಪ್ಪಿಗೆ ಒಬ್ಬರೇ ಚೀಲ ತುಂಬಿದ್ರಂತೆ. ಗೇಟಿನ ಕಡೆ ಹೋಗ್ಲಿಲ್ಲ. ಮೇಲಕ್ಕೆ, ಕಾಫಿ ಹಣ್ಣು ಸುಲೀತಿದ್ದ ಹಳೇ ಪಲ್ಪರ್ ಮನೆಗೆ. ಇವಳನ್ನ ನೋಡಿದ್ರಂತೆ. ನೋಡಿ, ಬಾಯಿ ಮೇಲೆ ಬೆರಳಿಟ್ಟು ನಕ್ರಂತೆ."

"ಹೆಬ್ಬೆಟ್ಟು?"

"ರೇಷನ್ ಕಾರ್ಡಿನ ಚಿತ್ರ ತೋರ್ಸಿ ಒತ್ತಿಸ್ಕೊಂಡ್ರಂತೆ."

3.10. ಪಲ್ಪರ್ ಮನೆಯ ಬೀಗಕ್ಕೆ ರೈಟರ್ ಜೇಬಿನ ಕೀಲಿ ಸರಿಹೊಂದಿತು. ಪಂಚರ ಮುಂದೆ ಬಾಗಿಲು ತೆರೆದಾಗ ಮೆಣಸಿನ ಘಾಟು ಮುಖಕ್ಕೆ ಹೊಡೆಯಿತು. ಹನ್ನೊಂದೂ ಚೀಲ ಅಲ್ಲೇ ಇದ್ದವು. ಕೊಯ್ಲು ಬಿಟ್ಟು ಇಡೀ ಲೈನ್ ಗುಡ್ಡ ಹತ್ತಿ ಬಂದಿತ್ತು. ಗಂಗಮ್ಮ ಕುಂಟುತ್ತ ಮುಂದೆ ಹೋಗಿ ಒಂದು ಚೀಲದ ಮೇಲೆ ಜೋರಾಗಿ ಹೊಡೆದಳು, ತಿರುಗಿ ಎರಡೂ ಕೈ ಎತ್ತಿದಳು. ಹೆಂಗಸರು ಕೂಗಲಿಲ್ಲ. ಎಲ್ಲರೂ ಅವಳಂತೆಯೇ ಕೈ ಎತ್ತಿದರು. ನಲವತ್ತು ಜೋಡಿ ಕಪ್ಪು ಕೈ ಗಾಳಿಯಲ್ಲಿ ಅಲುಗಿದವು.

"ಈಗ ಅವಳೇನಂದ್ಲು?" ತೇಜಸ್ವಿನಿ ಕೇಳಿದರು.

"ಅದನ್ನ ಬರೀಬೇಡಿ ಅಮ್ಮ," ಎಂದಳು ಸುಬ್ಬಿ. "ಕೆಟ್ಟ ಮಾತು."

ಮಾಲೀಕ ಬೆಳ್ಯಪ್ಪ ಗಂಗಮ್ಮನ ಎದುರು ನಿಂತು, ಸುಬ್ಬಿಯ ಮೂಲಕ, ಮನೆ ಅವಳದೇ ಎಂದು ಹೇಳಬೇಕಾಯಿತು. ಸುಬ್ಬಿ ಅವರಿಂದ ಅದನ್ನು ಎರಡು ಸಲ ಹೇಳಿಸಿದಳು.

4.05ಕ್ಕೆ ಕೀರ್ತಿಕುಮಾರನ ಬಂಧನ. ಜೀಪಿನಲ್ಲಿ ಅವನು ಗುಡ್ಡದ ಮೆಣಸಿನ ಬಳ್ಳಿಗಳತ್ತ ಕೈ ತೋರಿಸಿದ.

"ಮೇಲಿನ ಬ್ಲಾಕಿನ ಬಳ್ಳಿಯೆಲ್ಲ ನಾನೇ ನೆಟ್ಟಿದ್ದು ಮೇಡಂ. ನಾಲ್ಕು ಸಾಲಿನ ಮೆಣಸು ನಿನಗೆ ಅಂತ ಮಾಲೀಕರು ಆವತ್ತು ಹೇಳಿದ್ರು. ಹತ್ತೊಂಬತ್ತು ವರ್ಷ ಆಯ್ತು. ಅವರಿಗೆ ನೆನಪಿಲ್ಲ."

"ಕೇಳಬಹುದಿತ್ತಲ್ಲ?"

"ಪ್ರತಿ ವರ್ಷ ಕೇಳೋಕೆ ಹೋಗ್ತಿದ್ದೆ. ಅವರ ಪರವಾಗಿ ಊರಿಗೆಲ್ಲ ಮಾತಾಡ್ದೆ. ಅವರೆದುರು ನಿಂತ್ರೆ ನನಗೆ ಬಾಯೇ ಬರ್ತಿರ್ಲಿಲ್ಲ."

ತೇಜಸ್ವಿನಿ ಮಡಿಲ ಮೇಲಿನ ಡೈರಿ ತೆರೆದು, ಜೀಪಿನ ಕುಲುಕಾಟದಲ್ಲಿಯೇ, ಆ ಮಾತನ್ನು ಅವನು ಆಡಿದ ಹಾಗೆಯೇ ಬರೆದುಕೊಂಡರು.