ಏಳನೆಯ ಪ್ಲೇಟು

ಬಹಳ ಹಿಂದೆ, ಅಂದರೆ ಆಟೋಗಳಲ್ಲಿ ಕ್ಯಾಸೆಟ್ಟು ಹಾಡುತ್ತಿದ್ದ ಕಾಲದಲ್ಲಿ, ಕಾಳಿ ಹೊಳೆಯ ದಂಡೆಗೆ ಒಬ್ಬ ಮುದಿ ರಾಜನಿದ್ದ. ಅವನ ಅರಮನೆಗೆ ಏಳು ಕೋಣೆ. ಆರನ್ನು ಬಂದವರಿಗೆಲ್ಲ ತೆರೆದು ತೋರಿಸುತ್ತಿದ್ದ. ಏಳನೆಯದರ ಬೀಗ ಮಾತ್ರ ತೆಗೆಯುತ್ತಿರಲಿಲ್ಲ. ಇಂಥ ಕತೆಯಲ್ಲಿ ಏಳನೆಯ ಕೋಣೆಗೆ ಕೈಹಾಕುವವನೊಬ್ಬ ಇದ್ದೇ ಇರುತ್ತಾನೆ. ಅವನ ಹೆಸರು ಮಾಲತೇಶ. ದಾಂಡೇಲಿಯ ಬಸ್‌ಸ್ಟ್ಯಾಂಡಿನ ಎದುರು ಅವನ ಆಟೋ ನಿಲ್ಲುತ್ತಿತ್ತು. ರಾಜನ ಹೆಸರು ಜ್ಯೋತಿಬಾ, ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅರಮನೆ ಎಂದರೆ ಎರಡು ಖೋಲಿಯ ಹೆಂಚಿನ ಮನೆ. ಏಳು ಕೋಣೆ ಎಂದರೆ ಕಪಾಟಿನಲ್ಲಿ ಒಂದಕ್ಕೊಂದು ಆನಿಕೊಂಡು ನಿಂತ ಏಳು ದೊಡ್ಡ ಕರಿ ಗ್ರಾಮಫೋನ್ ಪ್ಲೇಟುಗಳು. ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಪ್ಲೇಯರ್ ಸಮೇತ ಬಿಟ್ಟುಹೋದಂಥವು ಅವು. ಏಳೂ ಒಬ್ಬನೇ ಗಿಟಾರಿನವನವು.

ಆ ಗಿಟಾರಿನವನ ಮುಖ ಹೇಗಿದೆಯೆಂದು ಮಾಲತೇಶನಿಗೆ ಗೊತ್ತಿರಲಿಲ್ಲ. ಪ್ಲೇಟಿನ ರಟ್ಟಿನ ಹೊದಿಕೆಗಳ ಮೇಲಿನ ಎಲ್ಲ ಚಿತ್ರಗಳಲ್ಲೂ ಅದನ್ನು ಕೂದಲು ಮುಚ್ಚಿತ್ತು. ಬೆರಳು ಮಾತ್ರ ಗೊತ್ತಿದ್ದವು. ಮೊದಲನೆಯ ಪ್ಲೇಟಿನಲ್ಲಿ ಅವು ಬಿದಿರು ಅರೆಯುವ ಯಂತ್ರಕ್ಕೆ ಸಿಟ್ಟು ಬಂದಂತೆ ಗರ್ಜಿಸುತ್ತಿದ್ದವು. ಮೂರನೆಯದರಲ್ಲಿ ಡ್ಯಾಮಿನ ಬಾಗಿಲೆತ್ತಿದಾಗಿನ ಕಾಳಿ ಹೊಳೆ. ನಾಲ್ಕನೆಯದರಲ್ಲಿ ಒಂದೇ ಒಂದು ತಂತಿಯನ್ನು ಎಳೆದೆಳೆದು, ಅಳುವ ಮಗು ಉಸಿರು ಕಟ್ಟಿ ನಿಲ್ಲುತ್ತದಲ್ಲ, ಹಾಗೆ ನಿಲ್ಲಿಸಿಬಿಡುತ್ತಿದ್ದ. ಕೇಳಿದವರೂ ಉಸಿರು ಬಿಡುವಂತಿರಲಿಲ್ಲ. ಮದುವೆ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡಿಗೆ ಗಿಟಾರ್ ಬಾರಿಸುತ್ತಿದ್ದ ಮಾಲತೇಶನಿಗೆ ಜ್ಯೋತಿಬಾನ ಮನೆಯಲ್ಲಿ ಕೂತು ಪ್ಲೇಟು ಕೇಳುವ ಭಾನುವಾರದ ಮುಂಜಾನೆಯೊಂದೇ ವಾರದ ನಿಜವಾದ ದಿನ.

ಆದರೆ ಪ್ಲೇಟು ಮುಟ್ಟುವಂತಿರಲಿಲ್ಲ. ಎದುರಿನ ಮನೆಯ ಲಗಮಪ್ಪ ಒಮ್ಮೆ ಕೇಳದೆ ಪ್ಲೇಟು ಎತ್ತಿ ನೋಡಿದ್ದಕ್ಕೆ ಜ್ಯೋತಿಬಾನ ಮನೆಯ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿತ್ತು. ಈಗ ಜ್ಯೋತಿಬಾ, ಬರುವ ದೀಪಾವಳಿ ಮುಗಿಸಿಕೊಂಡು ಬೆಳಗಾವಿಗೆ, ತಂಗಿಯ ಮನೆಯಲ್ಲೇ ಇರಲು ಹೋಗುವವನಿದ್ದ. ಅಲ್ಲಿ ಭಜನೆ ಬಿಟ್ಟರೆ ಬೇರೆ ಸದ್ದು ನಡೆಯುವಂತಿರಲಿಲ್ಲ.

"ಒಂದ ಹಾಡು, ಮೊದಲಿಂದ ಕಡೀತನಾ, ತಪ್ಪಿಲ್ಲದ ಬಾರ್ಸಿ ತೋರ್ಸು ಮಾಲ್ಯಾ," ಎಂದಿದ್ದ. "ಏಳೂ ಪ್ಲೇಟು ನಿನಗ. ಇಲ್ಲಾಂದ್ರ ಇವನ್ನ ಕೇಳಾಕತ್ತಾನಲ್ಲ, ಆ ಗೋವಾದ ಹೋಟೆಲ್‌ನವಗ ಕೊಡ್ತೇನಿ."

"ಅಂವ ಗ್ವಾಡಿಗೆ ಮೊಳಿ ಹೊಡದು ಜೋತಹಾಕ್ತಾನಂತ್ರೀ ಕಾಕಾ!"

"ಅದಕ್ಕ ಹೇಳಾಕತ್ತೇನಿ, ಬಾರ್ಸು. ಮಾತು ಕೊಡು."

"ಕೊಟ್ಟೆ."

ಮಾತು ಕೊಡುವುದು ಸುಲಭವಾಗಿತ್ತು. ಆದರೆ ಆರು ಪ್ಲೇಟಿನ ಒಂದೊಂದು ಸ್ವರವೂ ಮುದುಕನ ಕಿವಿಯಲ್ಲಿ ಮೊಳೆ ಹೊಡೆದು ಕೂತಿತ್ತು. ಮಾಲತೇಶ ಯಾವ ಹಾಡು ಎತ್ತಿಕೊಂಡರೂ ನಡುವೆ ತಪ್ಪು ಹಿಡಿದ ಮುದುಕನ ತೋರುಬೆರಳು ಮೇಲೆದ್ದುಬಿಡುತ್ತಿತ್ತು. "ಇಲ್ಲಿ ಅಂವ ಉಸಿರು ತಗೋತಾನ. ನೀ ತಗೊಳ್ಳಲಿಲ್ಲ." ಇನ್ನೊಂದು ಭಾನುವಾರ, "ಏನು ಅವಸರಲೇ, ಬಸ್ಸು ಹೊಂಟೈತೇನು?" ಬೆರಳು ಎದ್ದಿತೆಂದರೆ ಮುಗಿಯಿತು. ಮಾಲತೇಶನಿಗೆ ಕನಸಿನಲ್ಲೂ ಆ ಬೆರಳೇ ಕಾಣತೊಡಗಿತು.

ಆಗ ಅವನ ಕಣ್ಣು ಏಳನೆಯದರ ಮೇಲೆ ಬಿತ್ತು. ಜ್ಯೋತಿಬಾನ ಹೆಂಡತಿ ಗೋದುಬಾಯಿ ತೀರಿಕೊಂಡ ಮೇಲೆ ಅದನ್ನು ಹೊರಗೆ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಅದರ ಮೇಲಂಚಿನ ಧೂಳೇ ಅದನ್ನು ಹೇಳುತ್ತಿತ್ತು. ಕಪಾಟಿನ ಮೇಲೆ ಅವಳ ಫೋಟೋ: ಹಣೆಯಗಲ ಕುಂಕುಮ, ಕೈತುಂಬ ಬಳೆ. ಅವಳ ನೆನಪಿಗಾಗಿ ಕೇಳದೆ ಬಿಟ್ಟ ಪ್ಲೇಟು ಎಂದಮೇಲೆ ಅದರ ಸ್ವರಗಳು ಇಷ್ಟು ವರ್ಷಕ್ಕೆ ಮಾಸಿಹೋಗಿರಲೇಬೇಕು. ಅದರ ಹಾಡು ಬಾರಿಸಿದರೆ ಬೆರಳು ಏಳುವುದು ಹೇಗೆ? ತಪ್ಪಿದರೂ ತಪ್ಪೆಂದು ಹೇಳುವವರು ದಾಂಡೇಲಿಯಲ್ಲಿ ಯಾರಿದ್ದಾರೆ?

ಯೋಜನೆ ತಾನಾಗಿಯೇ ಬಂದು ಅವನ ಮಡಿಲಲ್ಲಿ ಕೂತಂತಿತ್ತು. ಜ್ಯೋತಿಬಾ ಚಹಾ ಕಾಸಲು ಒಳಗೆ ಹೋಗಿ ಪಂಪ್ ಸ್ಟೋವ್ ಹಚ್ಚುತ್ತಿದ್ದ. ಅದು ಭರ್ರೆನ್ನುವಷ್ಟು ಹೊತ್ತು ಹೊರಗಿನ ಯಾವ ಸದ್ದೂ ಅವನಿಗೆ ಕೇಳುತ್ತಿರಲಿಲ್ಲ. ಭರ್ರು ನಿಂತರೆ ಚಹಾ ಆಯಿತೆಂದು ಅರ್ಥ. ಹೊದಿಕೆಯನ್ನು ಕಪಾಟಿನಿಂದ ಎಳೆಯಬಾರದು, ಎಳೆದರೆ ಧೂಳಿನ ಗೆರೆ ಕೆಡುತ್ತದೆ. ನಿಂತಲ್ಲೇ ಅದರ ಬಾಯಿ ಅಗಲಿಸಿ ಪ್ಲೇಟನ್ನಷ್ಟೇ ಜಾರಿಸಿಕೊಳ್ಳಬೇಕು. ಹೊದಿಕೆ ಜೋಲದಂತೆ ಒಳಗೆ ಬೇರೊಂದು ಪ್ಲೇಟು ಇಡಬೇಕು. ಕದ್ದದ್ದು ಗಿಟಾರಿನ ಚೀಲದಲ್ಲಿ ಮನೆಗೆ ಬರುತ್ತದೆ. ಕಲಿತಾದ ಮೇಲೆ ಅದೇ ದಾರಿಯಲ್ಲಿ ಮರಳುತ್ತದೆ. ಈ ಕೊನೆಯ ಭಾಗವನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕುತ್ತಿತ್ತು. ಏನೂ ಕಳೆದೇ ಇಲ್ಲವೆಂದಮೇಲೆ ಕಳ್ಳನನ್ನು ಹುಡುಕುವವರಾದರೂ ಯಾರು?

ಹಳಿಯಾಳದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪರಸಪ್ಪನ ಅಟ್ಟದ ಮೇಲೆ ಹಳೆಯ ಪ್ಲೇಯರೊಂದು ಬಿದ್ದಿತ್ತು, ಜೊತೆಗೆ ಮದುವೆಗಳಲ್ಲಿ ಹಾಡಿ ಹಾಡಿ ಸವೆದ ಭಜನೆಯ ಪ್ಲೇಟುಗಳು.

"ಪ್ಲೇಯರ್ ಯಾಕ ಬೇಕಾತಪಾ ನಿನಗ?" ಎಂದ ಪರಸಪ್ಪ.

"ಅವ್ವಗ ಭಜನಿ ಕೇಳಸ್ತೇನ್ರಿ."

"ನಿಮ್ಮವ್ವ ಭಾಗ್ಯವಂತಿ ಬಿಡು. ಆದ್ರ ನೋಡು, ಇದು ಕ್ಯಾಸೆಟ್ಟಿನಂಗಲ್ಲ, ಇದರ ಗುಣಾನ ಬ್ಯಾರೆ..."

ಪರಸಪ್ಪ ಇನ್ನೂ ಹೇಳುವುದರಲ್ಲಿದ್ದ. ಮಾಲತೇಶ ಆಗಲೇ ಆಟೋ ಚಾಲೂ ಮಾಡಿದ್ದ. ಕ್ಯಾಸೆಟ್ಟಿನ ರೋಗಗಳೆಲ್ಲ ಅವನಿಗೆ ಬಾಯಿಪಾಠ: ಟೇಪು ಸಿಕ್ಕಾಗುತ್ತದೆ, ದನಿ ಜಗ್ಗುತ್ತದೆ, ಪೆನ್ಸಿಲ್ ಹಾಕಿ ತಿರುವಿದರೆ ಸರಿಯಾಗುತ್ತದೆ. ಅದಕ್ಕಿಂತ ಹೆಚ್ಚಿಗೆ ತಿಳಿಯುವುದೇನಿದೆ?

ಆ ಭಾನುವಾರ ಸ್ಟೋವ್ ಭರ್ರೆಂದಿತು, ಏಳನೆಯದರ ಜಾಗಕ್ಕೆ ಭಜನೆಯ ಪ್ಲೇಟು ಜಾರಿತು, ಧೂಳು ಕದಲಲಿಲ್ಲ. ಚಹಾ ಎಂದಿನಂತೆ ಹೆಚ್ಚು ಸಿಹಿಯಾಗಿತ್ತು.

ಮನೆಗೆ ಬಂದು ಪ್ಲೇಯರಿನ ಮುಳ್ಳು ಇಳಿಸಿದ. ಏಳನೆಯದರಲ್ಲಿ ಗಿಟಾರಿನವನು ಬೇರೆಯೇ ಮನುಷ್ಯ. ಎರಡನೆಯ ಬದಿಯ ಮೊದಲ ಹಾಡು ಅಂಬಿಕಾನಗರದ ಘಟ್ಟದ ದಾರಿಯಂತೆ ಸುತ್ತಿ ಸುತ್ತಿ ಏರುತ್ತಿತ್ತು. ಏರಿ, ಇನ್ನೇನು ತುದಿ ಬಂತು ಅನ್ನುವಲ್ಲಿ 'ಟಿಕ್' ಎಂಬ ಸಣ್ಣ ಸದ್ದು. ಮರುಕ್ಷಣ ಹಾಡು ಕಣಿವೆಯ ಆಚೆ ಇರುತ್ತಿತ್ತು. ನಡುವೆ ಇಳಿಯುವುದಿಲ್ಲ, ತಿರುಗುವುದಿಲ್ಲ. ಮಂಗಟ್ಟೆ ಹಕ್ಕಿ ಈ ಮರ ಬಿಟ್ಟದ್ದು ಕಾಣದೆ ಆ ಮರದಲ್ಲಿ ಕೂತಿರುವ ಹಾಗೆ. ಏಳು ಪ್ಲೇಟುಗಳಲ್ಲಿ ಇಷ್ಟು ಧೈರ್ಯದ ಜಾಗ ಇನ್ನೊಂದಿರಲಿಲ್ಲ. ಆ ಟಿಕ್ಕು ಗಿಟಾರಿನವನ ಉಂಗುರ ತಂತಿಗೆ ತಗುಲಿದ್ದೆಂದು ತೀರ್ಮಾನಿಸಿ, ತಾನೂ ಅವ್ವನ ಬೆಳ್ಳಿ ಉಂಗುರ ಬೆರಳಿಗೇರಿಸಿದ. ಉಳಿದ ಹಾಡು ಬೇಗ ಕೈಗೆ ಹತ್ತಿತು. ಆ ಜಿಗಿತಕ್ಕೆ ಮಾತ್ರ ಆಟೋ ನಿಲ್ಲಿಸಿ ವಾರಗಟ್ಟಲೆ ಕೂತ. ಕೊನೆಗೆ ಅದು ಅವನ ಬೆರಳುಗಳಿಗೆ ಎಷ್ಟು ಅಂಟಿತೆಂದರೆ, ಬೇಕೆಂದರೂ ಬೇರೆ ಥರ ಬಾರಿಸಲು ಬರದಂತಾಯಿತು.

ದೀಪಾವಳಿಯ ಹಿಂದಿನ ಭಾನುವಾರ ಸ್ಟೋವ್ ಮತ್ತೆ ಭರ್ರೆಂದಿತು. ಏಳನೆಯ ಪ್ಲೇಟು ತನ್ನ ಹೊದಿಕೆಯೊಳಗೆ ಸದ್ದಿಲ್ಲದೆ ಮರಳಿತು. ಭಜನೆಯ ಪ್ಲೇಟು ಚೀಲ ಸೇರಿತು. ಚಹಾ ಕುಡಿದು ಮಾಲತೇಶ ಗಿಟಾರನ್ನು ಪರಸಪ್ಪನಿಂದ ಬಾಡಿಗೆಗೆ ತಂದ ಆಂಪ್ಲಿಫೈಯರಿಗೆ ಸಿಕ್ಕಿಸಿದ.

"ಏಳನೇದರ ಹಾಡು ಬಾರಸ್ತೇನ್ರಿ ಕಾಕಾ. ಎರಡನೇ ಬದಿ, ಮೊದಲನೇದು."

ಮುದುಕ ಚಹಾದ ಬಸಿ ಕೆಳಗಿಟ್ಟ. "ಅದನ್ನ ಎಲ್ಲಿ ಕೇಳಿದಿ ನೀ?"

"ಗೋವಾದ ದೋಸ್ತ ಕ್ಯಾಸೆಟ್ ಕೊಟ್ಟಾನ್ರಿ."

"ಹೂಂ." ಫೋಟೋದ ಕಡೆ ನೋಡಿ, "ಬಾರ್ಸು," ಎಂದ.

ಮಾಲತೇಶ ಬಾರಿಸಿದ. ಹೆಂಚು ಅದುರಿದವು. ಓಣಿಯ ನಾಯಿ ಬೊಗಳಿ ಸುಮ್ಮನಾಯಿತು. ಉಸಿರು ತೆಗೆದುಕೊಳ್ಳುವಲ್ಲಿ ತೆಗೆದುಕೊಂಡ, ಅವಸರ ಮಾಡಲಿಲ್ಲ. ಘಟ್ಟ ಏರಿದ, ಉಂಗುರ ತಾಗಿಸಿದ, ಟಿಕ್, ಕಣಿವೆ ಹಾರಿದ. ಬೆರಳು ಏಳಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಜ್ಯೋತಿಬಾ ಎರಡೂ ಅಂಗೈಗಳನ್ನು ಮೊಳಕಾಲಿಗೆ ಒತ್ತಿಕೊಂಡು ಅಳುತ್ತಿದ್ದ. ಗೆದ್ದೆ ಎಂದುಕೊಂಡ ಮಾಲತೇಶ. ಕೊನೆಯ ಸ್ವರ ತಾನಾಗಿ ಆರುವವರೆಗೂ ತಂತಿಯನ್ನು ಬಿಡಲಿಲ್ಲ. ಕೊಟ್ಟ ಮಾತಿನಂತೆ ಒಂದು ಹಾಡು, ಮೊದಲಿನಿಂದ ಕೊನೆಯವರೆಗೆ, ಮುಗಿದಿತ್ತು.

ಆಗ ಬೆರಳು ಎದ್ದಿತು. ಅದು ತೋರಿಸಿದ್ದು ಗೋದುಬಾಯಿಯ ಫೋಟೋವನ್ನು, ಬಳೆ ತುಂಬಿದ ಆ ಕೈಯನ್ನು. "ಧೂಳ ಒರಸಾಕ ಹೋಗಿ ಅಕಿ ಕೈಬಳಿ ಆ ಪ್ಲೇಟಿಗೆ ಗೀರಿತ್ತಪಾ," ಎಂದ ಜ್ಯೋತಿಬಾ, ಸಿಟ್ಟಿಲ್ಲದ, ಸೋತ ದನಿಯಲ್ಲಿ. "ಅವತ್ತಿಂದ ಮುಳ್ಳು ಅಲ್ಲಿಗೆ ಬಂದ್ರ ಟಿಕ್ ಅಂತ ಜಿಗದ ಬಿಡ್ತೈತಿ. ಬಾಯಿಗೆ ಬಂದಂಗ ಬೈದಿದ್ದೆ ಅಕಿಗೆ. ಅಕಿ ಹೋದಮ್ಯಾಲ ಅದನ್ನ ಕೇಳೂ ಧೈರ್ಯ ಆಗಲಿಲ್ಲ. ಗಿಟಾರಿನಂವ ಅಲ್ಲಿ ಹಾರೂದಿಲ್ಲ ಮಾಲ್ಯಾ, ಸಾವಕಾಶ ಇಳೀತಾನ. ಆ ಜಿಗಿತ ಯಾವ ಕ್ಯಾಸೆಟ್ಟಿನಾಗೂ ಇಲ್ಲ. ಇಡೀ ಜಗತ್ತಿನಾಗ ನನ್ನ ಪ್ಲೇಟಿನಾಗ ಅಷ್ಟ ಐತಿ."