ಹೆಬ್ಬೆರಳಿನ ಓರೆ

ಅಥಣಿಯ ಹೊರವಲಯದ ಆ ಉದ್ದನೆಯ ಶೆಡ್ಡಿನಲ್ಲಿ ಬೆಳಗಿನ ಪಾಳಿ ಶುರುವಾಗುವುದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಮೂವತ್ತಾರು ಹೆಂಗಸರು ಸಾಲುಸಾಲಾಗಿ ಮಣೆಯ ಮೇಲೆ ಕುಳಿತು, ಬೂದು ಬಣ್ಣದ ತೆಳ್ಳನೆಯ ಬಟ್ಟೆಯ ತೋಳೊಂದನ್ನು ಬಲಗೈಗೆ ತೊಟ್ಟು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಮರುಕ್ಷಣವೇ ಮೂವತ್ತಾರು ಕೈಗಳು ತೊಗಲು ಚುಚ್ಚುವ ಆರಿಯನ್ನು ಒಟ್ಟಿಗೆ ಎತ್ತುತ್ತಿದ್ದವು, ಒಟ್ಟಿಗೆ ಇಳಿಸುತ್ತಿದ್ದವು. ಚಪ್ಪಲಿಯ ಅಟ್ಟೆಯ ಅಂಚು ಬಂದಾಗ ಮೂವತ್ತಾರು ಹೆಬ್ಬೆರಳುಗಳು ಕೊಂಚ ಹೊರಗೆ ಓರೆಯಾಗುತ್ತಿದ್ದವು. ಗಾಜಿನಾಚೆ ನಿಂತ ಪ್ರವಾಸಿಗರು ಆಗ ಚಪ್ಪಾಳೆ ತಟ್ಟುತ್ತಿದ್ದರು. ಅಥಣಿಯ ಓರೆ ಎಂದು ಹೆಸರಾಗಿದ್ದುದು ಅದೇ.

ಆ ಕೈಗಳೆಲ್ಲ ಒಂದೇ ಕೈಯ ಪಡಿಯಚ್ಚು. ಕೊನೆಯ ಸಾಲಿನ ಮೂಲೆಯಲ್ಲಿ ತಾನೂ ಒಂದು ತೋಳು ತೊಟ್ಟು ಹೊಲಿಯುತ್ತಿದ್ದ ಸ್ನೇಹಲ ಸದಲಗೆಯ ಕೈ ಅದು.

ಕರಸ್ಮೃತಿ ಎಂಬುದು ಆ ತೋಳಿನ ಹೆಸರು. ಅದನ್ನು ಕಂಡುಹಿಡಿದವರು ವಿಜಯಪುರದ ನರವಿಜ್ಞಾನಿ ಡಾ. ತನ್ವೀರ್ ಬಾಗವಾನ. ಕೈ ಆಡಿಸುವಾಗ ಮೆದುಳು ಸ್ನಾಯುಗಳಿಗೆ ಕಳಿಸುವುದು ಸಣ್ಣ ಸಣ್ಣ ವಿದ್ಯುತ್ ಸಂದೇಶಗಳನ್ನು. ತೋಳಿನೊಳಗೆ ನೇಯ್ದ ಕೂದಲೆಳೆಯಂಥ ಬೆಳ್ಳಿತಂತಿಗಳು ಆ ಸಂದೇಶಗಳನ್ನು ಓದಿ ಜೋಪಾನ ಮಾಡುತ್ತಿದ್ದವು. ಆಮೇಲೆ ಇನ್ನೊಬ್ಬರು ಅಂಥದೇ ತೋಳು ತೊಟ್ಟರೆ ಅದೇ ಸಂದೇಶವನ್ನು ಅವರ ಸ್ನಾಯುಗಳಿಗೆ ಹರಿಸುತ್ತಿದ್ದವು. ಲಕ್ವ ಹೊಡೆದವರ ಕೈ ಮತ್ತೆ ತುತ್ತು ಎತ್ತಲಿ ಎಂದು ಬಾಗವಾನರು ಮಾಡಿದ್ದ ಉಪಕರಣ ಅದು. ಕಸುಬು ಕಲಿಸಲಿಕ್ಕೂ ಬಂದೀತು ಎಂದು ಅವರಿಗೆ ಹೊಳೆದದ್ದು ಸ್ನೇಹಲಳ ಹೊಲಿಗೆ ನೋಡಿದ ಮೇಲೆ.

ಆಗ ಸ್ನೇಹಲಳಿಗೆ ನಲವತ್ತು. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಾಡಿಗೆಯ ತಗಡಿನ ಸೂರಿನ ಕೆಳಗೆ ಕೈಹೊಲಿಗೆಯ ಚಪ್ಪಲಿ ಮಾಡುತ್ತಿದ್ದಳು. ಅವಳ ಚಪ್ಪಲಿಗೆ ಹೆಸರಿತ್ತು, ಆದರೆ ಅವಳಿಗೆ ಯಾವ ಜೋಡಿಯೂ ಪೂರ್ತಿ ಮನಸ್ಸಿಗೆ ಬಂದದ್ದಿಲ್ಲ. ಒಮ್ಮೆ ದಾರಕ್ಕೆ ಮೇಣ ಹೆಚ್ಚು ಮಾಡುವಳು, ಇನ್ನೊಮ್ಮೆ ತೊಗಲನ್ನು ಹದಮಾಡುವ ಅಳಲೆಕಾಯಿಯ ನೀರಿನಲ್ಲಿ ಇನ್ನಷ್ಟು ಹೊತ್ತು ಬಿಡುವಳು. "ಈ ಸಲದ್ದು ಹೋದ ಸಲದಂಗ ಬಂತಂದ್ರ ನಾ ಏನು ಮಾಡ್ದಂಗಾತು?" ಎಂದು ತಾನೇ ಗೊಣಗುವಳು. ಬಾಗವಾನರ ಜೊತೆಗೆ ಒಂದು ದೊಡ್ಡ ಕಂಪನಿ ಬಂದಿತು. ಅವಳ ಕೈಯನ್ನು ದಾಖಲಿಸಿಕೊಂಡಿತು. ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆಯನ್ನು ಊರಿನ ಹೆಂಗಸರು ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯೊಳಗೆ ಕಲಿತರು. ಶೆಡ್ಡು ಎದ್ದಿತು. ಜಗತ್ತಿನ ಪೇಟೆಗಳಲ್ಲಿ ಅವಳ ಹೆಸರಿನ ಮುದ್ರೆ ಬಿದ್ದ ಚಪ್ಪಲಿಗಳು ಮಾರಾಟವಾದವು. ಕೆಲಸ ಸಿಕ್ಕ ಹೆಂಗಸರು ಹಬ್ಬದ ದಿನ ಅವಳ ಕಾಲಿಗೆ ಬೀಳುತ್ತಿದ್ದರು.

ತೋಳು ತೊಟ್ಟು ಹೊಲಿದರೆ ಮಾತ್ರ ಮುದ್ರೆ ಬೀಳುತ್ತಿತ್ತು. ಸ್ನೇಹಲಳಿಗೂ ಅದೇ ನಿಯಮ. ಮೊದಮೊದಲು ಅವಳಿಗೆ ಇದು ತಮಾಷೆ ಅನಿಸಿತ್ತು. ವರ್ಷಗಳು ಕಳೆದಂತೆ, ಹೊಲಿಯುವಾಗ ಹೊಸದೇನೋ ಹೊಳೆದು ಕೈ ಬೇರೆ ಕಡೆ ಹೊರಳಿಸಲು ಹೋದರೆ, ತೋಳು ಮೆಲ್ಲಗೆ ಎಳೆದು ಹಳೆಯ ಜಾಗಕ್ಕೇ ತರುತ್ತಿತ್ತು. ನೋವೇನೂ ಇಲ್ಲ. ಯಾರೋ ಹಿಂದೆ ಕೂತು ಮಣಿಕಟ್ಟು ಹಿಡಿದುಕೊಂಡಂತೆ, ಅಷ್ಟೇ. ಹಾಗೆ ಹಿಡಿದವಳು ನಲವತ್ತರ ಸ್ನೇಹಲ. ಹಿಡಿಸಿಕೊಂಡವಳಿಗೆ ಈಗ ಐವತ್ತೆರಡು.

ಒಂದು ದಿನ ಪಾಳಿಯ ನಡುವೆ ಮಾಯಕ್ಕ ಆರಿ ಕೆಳಗಿಟ್ಟಳು. ಮೂವತ್ತರ ಆಸುಪಾಸಿನ ಮಾಯಕ್ಕ ಪಕ್ಕದ ಮಣೆಯವಳು, ಮಾತು ಕಡಿಮೆ.

"ಅಕ್ಕಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಂಚಿಗೆ ಬಂದಾಗ ಹೆಬ್ಬೆರಳು ಯಾಕ ಓರೆ ಮಾಡ್ತೀರಿ ನೀವು? ಅಲ್ಲೇ ನನಗ ಮಣಿಕಟ್ಟು ಕಿತ್ತು ಬಂದಂಗ ಆಗ್ತೈತಿ. ಬರೀ ನನಗಲ್ಲ, ಈ ಸಾಲಿನವರಿಗೆಲ್ಲಾ."

ಅದೇ ನಮ್ಮ ಕಸುಬಿನ ಗುಟ್ಟು ಎನ್ನಲು ಸ್ನೇಹಲ ಬಾಯಿ ತೆರೆದಳು. ಕಂಪನಿ ಪ್ರವಾಸಿಗರಿಗೆ ಹೇಳುತ್ತಿದ್ದುದು ಅದನ್ನೇ. ಕೇಳಿ ಕೇಳಿ ಅವಳೂ ನಂಬಿಬಿಟ್ಟಿದ್ದಳು. ಆದರೆ ಅವಳಿಗೆ ಕಸುಬು ಕಲಿಸಿದ ಅಪ್ಪ ಹಾಗೆ ಹೊಲಿಯುತ್ತಿರಲಿಲ್ಲ. ದಾಖಲೆಗೆ ಮುಂಚೆ ಅವಳೂ ಹಾಗೆ ಹೊಲಿದವಳಲ್ಲ. ದಾಖಲೆ ನಡೆದ ವಾರದ ನೆನಪು ಒಮ್ಮೆಗೇ ನುಗ್ಗಿ ಬಂದಿತು. ತೊಗಲು ಕೊಯ್ಯುವ ರಂಪಿಗೆ ಜಾರಿ ಬಲ ಹೆಬ್ಬೆರಳಿನ ಉಗುರು ಸೀಳಿತ್ತು. ಕಂಪನಿಯವರು ಗೊತ್ತುಮಾಡಿದ್ದ ದಿನ ಮುಂದೂಡುವಂತಿರಲಿಲ್ಲ. ಅವಳು ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ತೊಗಲಿನ ಅಂಚು ಗಾಯಕ್ಕೆ ತಾಗದಿರಲೆಂದು ಪ್ರತಿ ಹೊಲಿಗೆಗೂ ಬೆರಳನ್ನು ಓರೆ ಮಾಡಿದ್ದಳು.

ಉಗುರು ಒಂದೆರಡು ತಿಂಗಳಲ್ಲಿ ಬೆಳೆದಿತ್ತು. ಓರೆ ಮಾತ್ರ ಉಳಿದುಕೊಂಡಿತ್ತು. ಹನ್ನೆರಡು ವರ್ಷಗಳಿಂದ ಗಾಯವೇ ಇಲ್ಲದ ಬೆರಳುಗಳು ಅವಳ ಗಾಯವನ್ನು ತಪ್ಪಿಸುತ್ತಿದ್ದವು.

"ಅದು ಗುಟ್ಟಲ್ಲ ಮಾಯಕ್ಕ," ಎಂದಳು ಸ್ನೇಹಲ. "ಅದು ನನ್ನ ನೋವು."

ಶೆಡ್ಡಿನ ಉಸ್ತುವಾರಿ ವಿನಾಯಕ ಘಟಗೆ ಕೆಟ್ಟ ಮನುಷ್ಯನಲ್ಲ. ಅವಳ ಮಾತನ್ನು ಪೂರ್ತಿ ಕೇಳಿದ. ಮತ್ತೊಮ್ಮೆ ಕೈ ದಾಖಲಿಸಬೇಕು, ಈ ಸಲ ನೆಟ್ಟಗೆ, ಎಂದು ಅವಳು ಹೇಳಿದಾಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಅಕ್ಕಾರ, ಆ ಓರೆಯಿಂದ ಹೊಲಿಗಿ ವಾಲ್ತೈತಿ. ಕೊಳ್ಳೋರು ಭೂತಗನ್ನಡಿ ಹಿಡಿದು ನೋಡೂದು ಅದನ್ನ. ನೆಟ್ಟಗ ಹೊಲಿದ್ರ ಇದು ನಕಲಿ ಅಂತಾರ."

"ನಾನ ಹೊಲಿದ್ರೂ?"

"ನೀವ ಹೊಲಿದ್ರೂ." ಅವನು ಮುಂದಕ್ಕೆ ಬಾಗಿದ. "ಸ್ನೇಹಲ ಕೈ ಅಂದ್ರ ಈಗ ನಿಮ್ಮ ಕೈ ಅಲ್ರಿ. ದಾಖಲೆದಾಗ ಇದ್ದದ್ದು. ಮೂವತ್ತಾರು ಮನಿ ಒಲಿ ಉರಿಯೂದು ಅದರ ಮ್ಯಾಲ."

ಅವಳು ಎದ್ದು ತನ್ನ ಮಣೆಗೆ ಮರಳಿದಳು. ಆ ಮನೆಗಳ ಒಂದೊಂದು ಅಡುಗೆಕೋಣೆಯೂ ಅವಳು ಕಂಡದ್ದೇ.

ಘಟಗೆ ತನಗೆ ತಿಳಿದ ಪರಿಹಾರ ಮಾಡಿಸಿದ. ಓರೆಯಾಗುವ ಹೊತ್ತಿಗೆ ಮಣಿಕಟ್ಟು ಜೋಮು ಹಿಡಿಯುವಂತೆ ಕಂಪನಿಯ ತಂತ್ರಜ್ಞನೊಬ್ಬ ತೋಳುಗಳನ್ನು ತಿದ್ದಿದ. ಸಾಲಿನಲ್ಲಿ ನರಳುವುದು ನಿಂತಿತು. ಎಲ್ಲರೂ ಘಟಗೆಯನ್ನು ಹೊಗಳಿದರು. ಆದರೆ ಒಂದು ಬೆಳಗ್ಗೆ ಮಾಯಕ್ಕ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಬಂದಳು.

"ನೋವು ಹೋತ್ರಿ ಅಕ್ಕಾ," ಎಂದು ನಗಲು ನೋಡಿದಳು. "ಆದ್ರ ಮನಿಗೆ ಹೋದ ಮ್ಯಾಲೂ ಜೋಮು ಬಿಡವಲ್ದು. ರೊಟ್ಟಿ ತಿರುವುವಾಗ ಹಂಚಿನ ಬಿಸಿ ಗೊತ್ತಾಗಲಿಲ್ಲ."

ಆ ದಿನವೇ ಸ್ನೇಹಲ ಬಾಗವಾನರಿಗೆ ಫೋನು ಮಾಡಿದಳು.

ಬಾಗವಾನರಿಗೆ ವಯಸ್ಸಾಗಿತ್ತು. ವಿಜಯಪುರದಿಂದ ಬಂದವರು ಮೊದಲು ಮಾಯಕ್ಕನ ಕೈ ನೋಡಿದರು. ಜೋಮಿನ ತಿದ್ದುಪಡಿಯನ್ನು ಅಲ್ಲೇ ನಿಂತು ತೆಗೆಸಿದರು. ಘಟಗೆ ಏನೋ ಹೇಳಲು ಬಂದಾಗ, "ಇದು ಕೈಗೆ ಜೀವ ಕೊಡಲಿ ಅಂತ ಮಾಡಿದ್ದು, ಸಾಯಿಸಲಿ ಅಂತಲ್ಲ," ಎಂದು ಗದರಿದರು. ಆಮೇಲೆ ಸ್ನೇಹಲಳ ಎದುರು ಮಣೆ ಎಳೆದು ಕುಳಿತರು.

"ಮುದ್ರೆ ಗಿದ್ರೆ ಬಿಡಿ. ತೋಳು ತೆಗೀರಿ. ಒಂದು ಅಂಚು ನಿಮಗೆ ಬೇಕಾದ ಹಾಗೆ ಹೊಲಿದು ತೋರಿಸಿ. ಹೊಸದಾಗಿ ದಾಖಲಿಸಿಕೊಳ್ಳೋದು ನನ್ನ ಕೆಲಸ. ಕಂಪನಿಯನ್ನ ಒಪ್ಪಿಸೋದು ಆಮೇಲೆ ನೋಡೋಣ."

ಸ್ನೇಹಲ ತೋಳು ಕಳಚಿದಳು. ಬರಿಗೈಗೆ ಗಾಳಿ ತಾಗಿ ಹಿತವಾಯಿತು. ತೊಗಲನ್ನು ಮಂಡಿಯ ನಡುವೆ ಸಿಕ್ಕಿಸಿ ಆರಿ ಚುಚ್ಚಿದಳು. ಅಂಚು ಬಂದಿತು. ಹೆಬ್ಬೆರಳು ಓರೆಯಾಯಿತು.

ಅವಳು ಕೈ ತಡೆದಳು. ಮತ್ತೆ ಚುಚ್ಚಿದಳು. ಮತ್ತೆ ಓರೆ. ಕಣ್ಣು ಮುಚ್ಚಿ ಅಪ್ಪನ ಕೈಯನ್ನು ನೆನೆಸಿಕೊಂಡು ಚುಚ್ಚಿದಳು. ಎಡಗೈಯಿಂದ ಆ ಬೆರಳನ್ನು ಒತ್ತಿ ಹಿಡಿದು ಚುಚ್ಚಿದಳು. ಬೆರಳು ಹಿಡಿತದೊಳಗೇ ಮಿಸುಕಿತು, ಆರಿ ಜಾರಿ ತೊಗಲು ಹರಿಯಿತು.

"ಡಾಕ್ಟ್ರ, ತೋಳು ಇಲ್ಲಲ್ರಿ ಈಗ?" ಅವಳ ದನಿ ಸಣ್ಣದಾಗಿತ್ತು. "ಮತ್ಯಾಕ ಹಿಂಗ?"

ಬಾಗವಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಲ್ಲಿನ ಮೇಲೆ ದಿನಾ ಒಂದೇ ದಾರಿಯಲ್ಲಿ ನಡೆದರೆ ಕಾಲುದಾರಿ ಬೀಳುತ್ತಲ್ಲ, ಮೆದುಳೂ ಹಾಗೆ. ಮೊದಲು ತೋಳು ನಿಮ್ಮಿಂದ ಕಲಿತದ್ದು. ಹನ್ನೆರಡು ವರ್ಷದಿಂದ ನೀವು ಅದರಿಂದ ಕಲೀತಾ ಇದ್ದೀರಿ."

"ಅಳಸಾಕ ಬರೂದಿಲ್ಲೇನ್ರಿ?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಕಲಿಸೋದು ಹೇಗೆ ಅಂತ ಇಡೀ ಆಯುಷ್ಯ ಯೋಚಿಸಿದೆ ತಾಯಿ. ಮರೆಸೋದರ ಬಗ್ಗೆ ಯೋಚನೆ ಮಾಡಲೇ ಇಲ್ಲ."

ಸ್ನೇಹಲ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಪರರ ವಸ್ತುವನ್ನು ನೋಡುವಂತೆ ನೋಡುತ್ತ ಕುಳಿತಳು. ಹೊರಗೆ ಮಧ್ಯಾಹ್ನದ ಪಾಳಿಯ ಗಂಟೆಯಾಯಿತು. ಅವಳು ತೋಳು ತೊಟ್ಟುಕೊಂಡು ತನ್ನ ಮೂಲೆಗೆ ಹೋದಳು.

ಆ ಮೇಲಿನ ತಿಂಗಳುಗಳಲ್ಲಿ ಬಾಗವಾನರು ಕಂಪನಿಯೊಡನೆ ಜಗಳವಾಡಿ ಒಂದಿಷ್ಟನ್ನು ಗೆದ್ದರು. ಪಾಳಿ ಚಿಕ್ಕದಾಯಿತು. ಕೈಗೆ ವಿಶ್ರಾಂತಿ ಕೊಡುವುದು ನಿಯಮವಾಯಿತು. ಓರೆಯನ್ನು ಮಾತ್ರ ಯಾರಿಂದಲೂ ಕದಲಿಸಲು ಆಗಲಿಲ್ಲ. ಬೇರೆ ಊರುಗಳಿಂದ ಕರಸ್ಮೃತಿ ಬೇಕೆಂಬ ಬೇಡಿಕೆಗಳು ಬರುತ್ತಲೇ ಇದ್ದವು. ಮರದ ಕೆತ್ತನೆಯವರು ಕೇಳಿದರು, ಕಸೂತಿಯವರು ಕೇಳಿದರು. ಅಡುಗೆಯವರೂ ಕೇಳಿದರು. ತಮ್ಮ ತಮ್ಮ ಕೈಯನ್ನು ಅದರ ಅತ್ಯುತ್ತಮ ದಿನದಲ್ಲಿ ಹಿಡಿದಿಡಬೇಕೆಂಬುದೇ ಎಲ್ಲರ ಆಸೆ. ಅವರನ್ನು ಬಾಗವಾನರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇನ್ನು ಮುಂದೆ ನಿಮಗೆ ಕಲಿಯೋದು ಏನೂ ಉಳಿದಿಲ್ಲವೇ?" ಕೆಲವರು ನಕ್ಕರು. ಕೆಲವರು ಮತ್ತೆ ಬರಲಿಲ್ಲ.

ಮುಂದಿನ ವರ್ಷ ಬಾಗವಾನರು ಅಥಣಿಗೆ ಬಂದಾಗ ಸಂಜೆ ನಾಲ್ಕರ ಬಿಸಿಲು. ಪಾಳಿ ಮುಗಿದಿತ್ತು. ಶೆಡ್ಡಿನ ಹಿಂದೆ, ನೀರಿನ ತೊಟ್ಟಿಯ ಪಕ್ಕದ ನೆರಳಿನಲ್ಲಿ ಸ್ನೇಹಲ, ಮಾಯಕ್ಕ, ಇನ್ನು ನಾಲ್ಕೈದು ಹೆಂಗಸರು ಕುಳಿತು ಹೊಲಿಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಎಲ್ಲರೂ ಆರಿ ಹಿಡಿದಿದ್ದುದು ಎಡಗೈಯಲ್ಲಿ.

"ಈ ಕೈಗೆ ಯಾರೂ ಏನೂ ಕಲಿಸಿಲ್ರಿ," ಎಂದಳು ಸ್ನೇಹಲ, ತಲೆಯೆತ್ತದೆ. "ಹಿಂಗಾಗಿ ಇದು ಇನ್ನೂ ನನ್ನ ಮಾತು ಕೇಳ್ತೈತಿ. ಕೇಳ್ತೈತಿ ಅಂದ್ರ, ಕೇಳಾಕ ನೋಡ್ತೈತಿ."

ಹೊಲಿಗೆ ಮೊದಲ ಸಲ ಅಕ್ಷರ ತಿದ್ದಿದವರ ಸಾಲಿನಂತೆ ಏರಿಳಿಯುತ್ತಿತ್ತು. ಒಂದು ಕಡೆ ತೂತುಗಳು ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ದೂರ. ಇವಕ್ಕೆ ಮುದ್ರೆ ಬೀಳುವುದಿಲ್ಲ, ಯಾವ ಅಂಗಡಿಯೂ ಕೊಳ್ಳುವುದಿಲ್ಲ. ಬೇಸರ ಕಳೆಯಲು ಕೂಡುತ್ತಾರೆ ಎಂದು ಘಟಗೆ ಸುಮ್ಮನೆ ಬಿಟ್ಟಿದ್ದ. ನಾಳೆ ಬೆಳಗ್ಗೆ ಹಸಿರು ದೀಪ ಹತ್ತಿದಾಗ ಇವರೆಲ್ಲ ಮತ್ತೆ ಬಲಗೈ ಚಾಚಿ ಕೂರುವವರೇ. ಅದು ಬಾಗವಾನರಿಗೂ ಗೊತ್ತಿತ್ತು, ಹೆಂಗಸರಿಗೂ ಗೊತ್ತಿತ್ತು.

"ನಿಮಗಂತ ಒಂದು ಜೋಡಿ ಮಾಡೀನಿ," ಎಂದು ಸ್ನೇಹಲ ಹೊಸ ಚಪ್ಪಲಿಗಳನ್ನು ಮುಂದೆ ಸರಿಸಿದಳು.

ಬಾಗವಾನರು ಮುದ್ರೆಯಿದ್ದ ತಮ್ಮ ಚಪ್ಪಲಿ ಬಿಟ್ಟು ಅವನ್ನು ಮೆಟ್ಟಿದರು. ತೊಟ್ಟಿಯವರೆಗೆ ನಡೆದು ತಿರುಗಿ ಬಂದರು. ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿ ಅವರ ಪಾದವನ್ನೇ ನೋಡುತ್ತಿದ್ದರು.

"ಚೆನ್ನಾಗಿವೆ," ಎಂದರು ಅವರು.

"ಸುಳ್ಳು ಹೇಳಬ್ಯಾಡ್ರಿ ಡಾಕ್ಟ್ರ. ಕುಂಟಿದ್ರಿ ನೀವು. ಎಲ್ಲಿ ಕಚ್ಚತೈತಿ?"

ಅವಳು ಮುಖವೆತ್ತಿ ಕೇಳಿದ ರೀತಿಗೆ ಅವರು ತಬ್ಬಿಬ್ಬಾದರು. ಹದಿಮೂರು ವರ್ಷಗಳಲ್ಲಿ ಆ ಶೆಡ್ಡಿನಿಂದ ಹೊರಬಿದ್ದ ಸಾವಿರಾರು ಜೋಡಿಗಳ ಬಗ್ಗೆ ಯಾರೂ ಯಾರನ್ನೂ ಹೀಗೆ ಕೇಳಿರಲಿಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲ. ಉತ್ತರ ಸಿಕ್ಕರೂ ಬದಲಿಸಬಲ್ಲ ಕೈ ಒಂದೂ ಇರಲಿಲ್ಲ.

"ಕಿರುಬೆರಳಿನ ಹತ್ತಿರ," ಎಂದರು. "ಹಿಮ್ಮಡಿಯಲ್ಲೂ ಸ್ವಲ್ಪ."

"ಬಿಚ್ಚಿ ಕೊಡ್ರಿ ಇಲ್ಲೆ." ಸ್ನೇಹಲ ಎಡಗೈಯಲ್ಲಿ ರಂಪಿಗೆ ಹಿಡಿದು ಹೊಲಿಗೆಯ ಒಂದು ಎಳೆಯನ್ನು ಎಬ್ಬಿಸಿದಳು. ಅವಳ ಮುಖದಲ್ಲಿ ಏನೋ ಬೆಳಗುತ್ತಿತ್ತು. "ಕೂಡ್ರಿ. ಇವತ್ತ ಆಗಲಿಲ್ಲಂದ್ರ ನಾಳಿ ಬರ್ರಿ. ನಾಳಿನೂ ಕಚ್ಚಬಹುದು."

ಕಾಲುದಾರಿಗಳ ಮಾತಾಡಿದ್ದ ವಿಜ್ಞಾನಿ ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಕುಳಿತು ಕಾದರು.